'ಬಿಡ್ತು ಅನ್ನು' ಅನ್ನುವ ಮೊದಲು

ಮಾನ್ಯ ಸಂಪಾದಕರೇ,

ಪಕ್ಕದ ಮನೆ ಅಜ್ಜಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದ ದಿನ ನಮ್ಮ ಅಮ್ಮ ಕೈಕಾಲು ತೊಳೆದು ಕೂತು, "ನನ್ನನ್ನ ಹಂಗೆ ಗಂಟಲಿಗೆ ಪೈಪು ಹಾಕಿ ಮಲಗಿಸ್ಬೇಡಿ ಕಣ್ರೋ" ಎಂದಿದ್ದರು. ಮಕ್ಕಳೆಲ್ಲ ಒಟ್ಟಿಗೆ "ಬಿಡ್ತು ಅನ್ನಮ್ಮ" ಅಂದೆವು. ಅಮ್ಮ ಬಿಡ್ತು ಅಂದರು. ಮಾತು ಅಲ್ಲಿಗೇ ನಿಂತಿತು.

ನಾಲ್ಕು ವರ್ಷದ ಮೇಲೆ ಅದೇ ಅಮ್ಮ, 82 ವರ್ಷ, ಮಿದುಳಿನಲ್ಲಿ ರಕ್ತಸ್ರಾವ ಆಗಿ ಐಸಿಯುನಲ್ಲಿ 19 ದಿನ ವೆಂಟಿಲೇಟರ್ ಮೇಲಿದ್ದರು. ಮೊದಲ ದಿನವೇ ಬಳೆ ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆಡುತ್ತಿದ್ದುದು ಬಲಗೈ ಒಂದೇ. ಪೈಪು ಕಿತ್ತುಕೊಳ್ಳುತ್ತಾರೆ ಅಂತ ಆ ಕೈಯನ್ನೂ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ಚೇತರಿಕೆ ಕಷ್ಟ, ಮುಂದೇನು ಅಂತ ನೀವೇ ಹೇಳಿ ಎಂದರು ಡಾಕ್ಟರು. ಅಣ್ಣ "ಸಾಕು" ಅಂದ. ಅಮೆರಿಕದಲ್ಲಿರುವ ತಮ್ಮ ಮಧ್ಯರಾತ್ರಿ ಫೋನ್ ಮಾಡಿ "ದುಡ್ಡು ನಾನು ಕಳಿಸ್ತೀನಿ, ಏನೂ ನಿಲ್ಲಿಸ್ಬೇಡಿ" ಅಂದ. ಇಬ್ಬರೂ ಅಮ್ಮನ ಮೇಲಿನ ಪ್ರೀತಿಗೇ ಹಾಗೆ ಹೇಳಿದ್ದು, ಆದರೆ ಆಮೇಲೆ ತಿಥಿಯ ದಿನ ಕೂಡ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಅಮ್ಮನ ಆ ಸಂಜೆಯ ಮಾತು ನೆನಪಿತ್ತು. ಬಾಯಿ ಬರಲಿಲ್ಲ. ನಾನೇ ಅಲ್ವಾ ಬಿಡ್ತು ಅನ್ನಿಸಿದ್ದು? ಬಿಲ್ಲಿನ ಮಾತು ಇಲ್ಲಿ ಬೇಡ.

ಹಾಗಾಗಿ ಈ ವರ್ಷ ನನ್ನ ಕಾಗದ ನಾನೇ ಬರೆದಿಟ್ಟೆ. ಲಿವಿಂಗ್ ವಿಲ್ ಅನ್ನುತ್ತಾರಲ್ಲ, ಅದು: ವಾಸಿಯಾಗುವ ಆಸೆ ಇಲ್ಲದಾಗ ನನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದ. ಇದಕ್ಕೆ ಕಾನೂನಿನ ಬೆಲೆ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರು ಕೋರ್ಟಿಗೆ ಅಲೆಯುತ್ತಾರೆ? 2023ರ ಜನವರಿಯಲ್ಲಿ ಅದನ್ನು ಸುಲಭ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದರೆ ಆಯ್ತು. ನಮಗೆ ಮಾತಾಡಲು ಆಗದಿದ್ದಾಗ ನಮ್ಮ ಪರವಾಗಿ ಯಾರು ಹೇಳಬೇಕು ಅಂತ ಹೆಸರೂ ಬರೆಯಬೇಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ ಕೂಡ 2025ರ ಜನವರಿಯಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿತು.

ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಅದು ಇವತ್ತಿಗೂ ಅಪರಾಧವೇ. ಕಾಗದ ತೋರಿಸಿದ ಕೂಡಲೇ ಯಾರೂ ಪ್ಲಗ್ ಕೀಳುವುದೂ ಇಲ್ಲ. ವಾಸಿಯಾಗುವ ಆಸೆ ಇಲ್ಲ ಅಂತ ಆಸ್ಪತ್ರೆಯ ಮೂವರು ಡಾಕ್ಟರು ಹೇಳಬೇಕು, ಅದನ್ನು ಇನ್ನೊಂದು ಮಂಡಳಿಯ ಮೂವರು ನೋಡಿ ಒಪ್ಪಬೇಕು. ಕಾಗದದಲ್ಲಿ ನಾವು ಹೆಸರು ಬರೆದವರ ಒಪ್ಪಿಗೆಯೂ ಬೇಕು. ಆಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನೋವಿಗೆ ಔಷಧಿ, ಆರೈಕೆ ಇವೆಲ್ಲ ಕೊನೆಯವರೆಗೂ ಇರುತ್ತವೆ. ನಮ್ಮ ಬೆಂಗಳೂರಲ್ಲೇ ಕರುಣಾಶ್ರಯ ಅನ್ನುವ ಸಂಸ್ಥೆಯವರು ಕ್ಯಾನ್ಸರ್ ರೋಗಿಗಳನ್ನು 1999ರಿಂದ ಒಂದು ಪೈಸೆ ತೆಗೆದುಕೊಳ್ಳದೆ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಮನಸ್ಸು ಬದಲಾದರೆ ಕಾಗದ ವಾಪಸ್ ಪಡೆಯಬಹುದು.

ನೋಟರಿ ಹತ್ತಿರ ಹೋದೆ. ವಿಲ್ ಅಂದ ಕೂಡಲೇ ಅವರು ಕೇಳಿದ್ದು, "ಸೈಟ್ ಎಲ್ಲಿದೆ ಮೇಡಂ, ಎಷ್ಟು ಅಳತೆ?" ನಗು ಬಂತು. ಅವರ ತಪ್ಪೇನಿಲ್ಲ ಬಿಡಿ, 30x40 ಸೈಟು ಯಾರಿಗೆ ಹೋಗಬೇಕು ಅಂತ ಬರೆದಿಡುವ ನಾವು ನಮ್ಮ ಮೈಗೆ ಏನಾಗಬೇಕು ಅಂತ ಬರೆಯಲು ಬರುವುದನ್ನು ಅವರು ಎಲ್ಲಿ ನೋಡಿರುತ್ತಾರೆ. ಪೂರ್ತಿ ಓದಿ, ಸೀಲ್ ಹಾಕಿ, "ನಮ್ಮ ತಂದೆಗೂ ಒಂದು ಮಾಡಿಸ್ಬೇಕು" ಅಂದರು.

ಕಷ್ಟ ಶುರುವಾಗಿದ್ದು ಆಮೇಲೆ. ಇದರ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆ ನೇಮಿಸಿದ ಅಧಿಕಾರಿ ಇಟ್ಟುಕೊಳ್ಳಬೇಕು ಅಂತ ಕೋರ್ಟ್ ಹೇಳಿದೆ. ಒಂದು ಕಚೇರಿಗೆ ಹೋದರೆ, ಅಲ್ಲಿನ ಹುಡುಗ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇದು ಡೆತ್ ಸರ್ಟಿಫಿಕೇಟ್ ಕೌಂಟರಿಗೆ ಕೊಡಿ" ಅಂದ. ಬದುಕಿರುವವಳು ನಾನು! ಆ ಕೌಂಟರಿನವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮೂರು ಸಲ ಅಲೆದು ಸುಮ್ನಾದೆ.

ಸರ್ಕಾರವನ್ನು ನಾನು ಕೇಳುವುದು ಸಣ್ಣದು. ಬೆಂಗಳೂರಿಗೆ ಈಗ ಐದು ಪಾಲಿಕೆ ಆಗಿವೆಯಲ್ಲ, ಒಂದೊಂದರಲ್ಲೂ ಈ ಕಾಗದ ತೆಗೆದುಕೊಳ್ಳುವ ಅಧಿಕಾರಿ ಯಾರು, ಯಾವ ಕೊಠಡಿ ಅಂತ ಪ್ರಕಟಿಸಿ. ನಮ್ಮ ಬೀದಿಯ ಹೂವಿನವರಿಗೂ ಓದಿ ಅರ್ಥವಾಗುವಂಥ ಕನ್ನಡದ ನಮೂನೆಯೊಂದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಡಿ.

ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಿದೆ. ಮಗ ಅರ್ಧಕ್ಕೇ "ಬಿಡ್ತು ಅನ್ನಮ್ಮ" ಅಂದ. ಅನ್ನಲಿಲ್ಲ, ಪೂರ್ತಿ ಓದಿದೆ. ಅವನ ಹೆಸರೂ ಮಗಳ ಹೆಸರೂ ಅದರಲ್ಲಿವೆ. ಒಂದು ಪ್ರತಿ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಇದೆ, ಇನ್ನೊಂದು ಬೀರುವಿನಲ್ಲಿ ಗ್ಯಾಸ್ ಪುಸ್ತಕದ ಜೊತೆ. ಮೂರನೆಯದು ಇನ್ನೂ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇದೆ. ಯಾವ ಕೊಠಡಿ ಅಂತ ಹೇಳಿದರೆ ನಾನೇ ತಂದು ಕೊಡುತ್ತೇನೆ.

— ನಿವೃತ್ತ ಶಿಕ್ಷಕಿ, ಹನುಮಂತನಗರ, ಬೆಂಗಳೂರು