ಶಾಲೆಗೆ ಲಿನಕ್ಸ್ ಕೊಡಿ, ಸಮಾಧಾನದಿಂದ ಉತ್ತರ ಹೇಳುವವರನ್ನೂ ಕೊಡಿ

ಮಂಗಳೂರು ಉತ್ತರ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ಶಾಸಕರ ನಿಧಿಯಿಂದ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಕೊಡಿಸುವುದು ನಮ್ಮಲ್ಲಿ ಹೊಸದಲ್ಲ. ಮುಂದಿನ ಸಲ ಕೊಡಿಸುವಾಗ ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ, ಪುಕ್ಕಟೆ ಸಿಗುವ, ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ ಹಾಕಿಸಿ ಅಂತ ಕೇಳಲು ಈ ಪತ್ರ. ಜೊತೆಗೆ, ಟೀಚರುಗಳ ಪ್ರಶ್ನೆಗೆ ಕನ್ನಡದಲ್ಲಿ, ಮರ್ಯಾದೆಯಿಂದ ಉತ್ತರ ಸಿಗುವ ವ್ಯವಸ್ಥೆಗೂ ಸ್ವಲ್ಪ ಹಣ ಇಡಿ. ಈ ಎರಡನೆಯದನ್ನು ಬಿಟ್ಟರೆ ಲ್ಯಾಬಿಗೆ ಬೇಗ ಬೀಗ ಬೀಳುತ್ತದೆ.

ವಿಂಡೋಸ್ 10ಕ್ಕೆ ಅದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು. ಶಾಲೆಗಳಲ್ಲಿರುವ ಹಳೇ ಯಂತ್ರಗಳು ಎಷ್ಟೋ ಕೆಟ್ಟೇ ಇಲ್ಲ. ಆದರೂ ಮೂಲೆಗೆ ಸೇರುತ್ತವೆ. ಯಾಕೆಂದರೆ ವಿಂಡೋಸಿನ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಕಂಪನಿಯ ಕೈಯಲ್ಲಿದೆ, ತಿದ್ದುವ ಹಕ್ಕೂ ಅದಕ್ಕೇ. ಲಿನಕ್ಸಿನ ಕೋಡ್ ಎಲ್ಲರ ಮುಂದಿದೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು. ಹಳೇ ಯಂತ್ರಕ್ಕೆ ಹಗುರವಾದ ಆವೃತ್ತಿಗಳೂ ಇವೆ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ತಲಪಾಡಿ ಗಡಿ ದಾಟಿದರೆ ಸಾಕು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿ ಬರೀ ಸಿ.ಡಿ. ಹಂಚಿ ಕೈತೊಳೆದುಕೊಳ್ಳಲಿಲ್ಲ, ಟೀಚರುಗಳಿಗೆ ತರಬೇತಿ ಕೊಟ್ಟರು. ಕೇಂದ್ರ ಸರ್ಕಾರವೂ 2015ರಲ್ಲಿ ಹೀಗೆ ಕೋಡ್ ತೆರೆದಿಟ್ಟ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿದೆ.

ಮುಚ್ಚಿದ ತಂತ್ರಾಂಶ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಮರ್ಸ್ ಮಕ್ಕಳಿಗೆ ಟ್ಯಾಲಿ ಬೇಕು, ಊರಿನ ಅಂಗಡಿ, ಆಫೀಸುಗಳಲ್ಲಿ ಅದೇ ಇರುವುದು. ದುಡ್ಡು ಕೊಟ್ಟು ಕೊಂಡರೆ ಫೋನ್ ಮಾಡಿ ಕೇಳಲು ಒಂದು ನಂಬರೂ ಇರುತ್ತದೆ. ಪುಕ್ಕಟೆ ಸಿಗುವ ಲಿನಕ್ಸಿಗೆ ಅಂಥ ನಂಬರ್ ಇಲ್ಲ. ಆನ್‌ಲೈನ್ ಗುಂಪಿನಲ್ಲಿ ಗುರುತಿಲ್ಲದವರನ್ನು ಕೇಳಬೇಕು.

ನನಗೆ ಪರಿಚಯದ ಒಬ್ಬ ಟೀಚರ್ ಹಾಗೆ ಕೇಳಿದರು. ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಏನು ಮಾಡಲಿ ಅಂತ. "ಇಷ್ಟೂ ಗೊತ್ತಿಲ್ಲದವರು ಲಿನಕ್ಸ್ ಯಾಕೆ ಹಾಕಿದ್ರಿ? ಮೊದಲು ಮ್ಯಾನ್ಯುವಲ್ ಓದಿ" ಅಂತ ಉತ್ತರ ಬಂತು. ಅವರು ಮತ್ತೆ ಅಲ್ಲಿ ಏನೂ ಕೇಳಲಿಲ್ಲ. ಯಾರು ತಾನೇ ಕೇಳುತ್ತಾರೆ, ಅಲ್ವಾ? ಕಡೆಗೆ ಆ ಯಂತ್ರಕ್ಕೆ ಯಾರೋ ಕದ್ದ ವಿಂಡೋಸ್ ಹಾಕಿಕೊಟ್ಟರು.

ಈ ಒರಟುತನ ಹಳೇ ರೋಗ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ ತಮ್ಮ ಕಟು ಮಾತಿಗೆ 2018ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಸ್ವಲ್ಪ ಕಾಲ ಕೆಲಸದಿಂದ ದೂರ ಉಳಿದರು. ಆಗಲೇ ಆ ಯೋಜನೆಗೆ ನಡವಳಿಕೆಯ ಹೊಸ ನಿಯಮವೂ ಬಂತು.

ಇದು ಬರೀ ಮನಸ್ಸು ನೋಯುವ ವಿಷಯ ಅಲ್ಲ ಸರ್. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಯಾರೋ ಬೇರೆಯವರ ಕಂಪ್ಯೂಟರಿಗೆ ನುಗ್ಗಲು ಕಳ್ಳದಾರಿ ಇಟ್ಟದ್ದು ಪತ್ತೆಯಾಯಿತು. ಫೈಲುಗಳನ್ನು ಕುಗ್ಗಿಸುವ ಈ ಚಿಕ್ಕ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಕೆಲವರು ಅವರ ಬೆನ್ನು ಬಿದ್ದರು. ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ನನ್ನ ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಅವರು ಬರೆದರೂ ಕೇಳಲಿಲ್ಲ. ಸಹಾಯಕ್ಕೆ ಬಂದಂತೆ ಕಂಡ ಒಬ್ಬನ ಕೈಗೆ ಕಡೆಗೆ ಜವಾಬ್ದಾರಿ ಹೋಯಿತು. ಕಳ್ಳದಾರಿ ಬಂದದ್ದು ಅವನ ಖಾತೆಯಿಂದಲೇ. ಹಿಂದೆ ಬಿದ್ದಿದ್ದ ಖಾತೆಗಳೂ ನಕಲಿ ಎಂಬ ಗುಮಾನಿ ಬಲವಾಗಿದೆ. ಆ ದಿನ ಯಾರಾದರೂ "ಸುಮ್ಮನಿರಿ, ಅವರನ್ನು ಹೀಗೆ ಕಾಡಬೇಡಿ" ಅಂದಿದ್ದರೆ ಆಟ ಅಷ್ಟು ಸುಲಭವಾಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಹುಡುಕುತ್ತಾ ಹೋದರು. ಕೋಡ್ ತೆರೆದಿದ್ದರಿಂದ ಬೇರು ಸಿಕ್ಕಿತು. ಅವರು ಆಗ ಕೆಲಸದಲ್ಲಿದ್ದದ್ದು ಮೈಕ್ರೋಸಾಫ್ಟಿನಲ್ಲಿ. ನಮ್ಮ ಹುಡುಗರು ವಿಂಡೋಸ್, ಲಿನಕ್ಸ್ ಅಂತ ಪಕ್ಷ ಕಟ್ಟಿಕೊಂಡು ಬೈದಾಡುವುದು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಗೊತ್ತಿದ್ದದ್ದನ್ನು ಹಂಚುವುದು ನಮ್ಮ ಊರಿಗೆ ಹೊಸತಲ್ಲ. ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲೇ ಇವತ್ತು ಲಕ್ಷಾಂತರ ಜನ ಕನ್ನಡ ಟೈಪ್ ಮಾಡುತ್ತಾರೆ. ಲಿನಕ್ಸಿನಲ್ಲೂ ಅದು ಇದೆ.

ಹಾಗಾಗಿ ಕೇಳುವುದು ಇಷ್ಟು. ಲೈಸೆನ್ಸಿನಲ್ಲಿ ಉಳಿದ ಹಣದಲ್ಲಿ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಟೀಚರುಗಳಿಗಾಗಿ ಒಂದು ಕನ್ನಡ ಗುಂಪು ನಡೆಸುವುದು ಅವರ ಕೆಲಸವಾಗಲಿ. ಕೇಳಿದ್ದನ್ನೇ ಮತ್ತೆ ಕೇಳಿದರೂ ಹೀಯಾಳಿಸಬಾರದು, ಹೀಯಾಳಿಸಿದವರನ್ನು ಗುಂಪಿನಿಂದ ತೆಗೆಯಬೇಕು ಎಂಬ ನಿಯಮ ಮೊದಲೇ ಬರೆದಿಡಲಿ. ಉತ್ತರಿಸಲು ಸುರತ್ಕಲ್ಲಿನ ಎನ್ಐಟಿಕೆ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಆಸಕ್ತಿ ಇರುವವರು ಖಂಡಿತ ಸಿಗುತ್ತಾರೆ. ಮೊದಲ ವರ್ಷ ಮೂರು ನಾಲ್ಕು ಶಾಲೆ ಸಾಕು.

ನೀವು ಒಪ್ಪಿದರೆ, ಬೇಸಿಗೆ ರಜೆಯಲ್ಲಿ ಆ ಶಾಲೆಗಳ ಹಳೇ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಡಲು ನಾವು ಕೆಲವು ಗೆಳೆಯರು ಬರುತ್ತೇವೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಸುರತ್ಕಲ್