ಎರಡು ಡಾಲರ್ ಕೊಟ್ಟು ನೀನು ಮರಳಿ ತಂದ ಬುಟ್ಟಿ

ಚಿ. ಸೌ. ಮಗಳಿಗೆ ಬಾಗಲಕೋಟೆಯಿಂದ ನಿನ್ನ ಅವ್ವ ಮಾಡುವ ಅನೇಕ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಪಕ್ಕದ ಮನೆಯವರು ಗ್ಯಾರೇಜಿನ ಮುಂದೆ ಮೇಜು ಹಾಕಿ ಹಳೆಯ ಸಾಮಾನುಗಳನ್ನು ಮಾರುತ್ತಿದ್ದರು, ಅವುಗಳ ನಡುವೆ ನಾನು ಆ ಮನೆಯ ತಾಯಿಗೆ ಕೊಟ್ಟುಬಂದ ಬಟ್ಟೆಯ ಬುಟ್ಟಿ ಇತ್ತು, ಅದಕ್ಕೆ ಎರಡು ಡಾಲರಿನ ಚೀಟಿ ಹಚ್ಚಿದ್ದರು, ನೀನು ದುಡ್ಡು ಕೊಟ್ಟು ಅದನ್ನು ಮನೆಗೆ ತಂದೆ ಎಂದು ಹೇಳಿದೆ. ಕೈಯಲ್ಲಿ ಹಿಡಿದ ಮೇಲೆಯೇ ನಿನಗೆ ಆ ನವಿಲುಹಸಿರಿನ ಒಡಲೂ ಗೋಮಿ ಎಂಬ ಚಿತ್ತಾರದ ದಡಿಯ ಕೆಂಪೂ ಗುರುತು ಸಿಕ್ಕಿದವು. "ಅಜ್ಜಿಯ ಇಳಕಲ್ ಸೀರೆಯನ್ನು ಕತ್ತರಿಸಿದ್ದು ಇದಕ್ಕೇನವ್ವಾ" ಎಂದು ನೀನು ಕೇಳಿದ್ದಕ್ಕೆ, ಸೀರೆ ನನ್ನ ತಾಯಿಯದು, ಕೇಳಲು ನೀನು ಯಾರು ಎಂದುಬಿಟ್ಟೆ. ಆ ಮಾತನ್ನು ನಾನು ಆಡಬಾರದಿತ್ತು. ಫೋನಿನಲ್ಲಿ ನನಗೆ ಮಾತು ಜೋಡಿಸಿಕೊಳ್ಳಲು ಆಗುವುದಿಲ್ಲವೆಂದು ಕಾಗದ ಹಿಡಿದು ಕುಳಿತಿದ್ದೇನೆ. ಬರೆದು ಮುಗಿದ ಮೇಲೆ ನಿನ್ನ ತಮ್ಮ ಹಾಳೆಗಳ ಚಿತ್ರ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತಾನೆ.

ಆ ಸೀರೆಯನ್ನು ನಾನು ನಿನ್ನಲ್ಲಿಗೆ, ಮಿನ್ನೆಸೋಟಾಕ್ಕೆ ತಂದದ್ದು ನಿನಗೆ ಕೊಡುವುದಕ್ಕಾಗಿಯೇ. ಅದನ್ನು ಮೊಮ್ಮಗಳಿಗೆ ಇಡು ಎಂದು ನಿನ್ನ ಅಜ್ಜಿ ನನಗೆ ಹೇಳಿದ್ದಳು, ನೀನು ಬಾಣಂತಿಯಾದಾಗ ಉಡಿಸಬೇಕೆಂದು ನಾನು ಅಂದುಕೊಂಡಿದ್ದೆ. ಮಗುವಿನ ತೊಟ್ಟಿಲಿನ ಹಿಂದಿನ ರಾತ್ರಿ, ನೀವೆಲ್ಲ ಮಲಗಿದ ಮೇಲೆ, ಸೂಟ್‌ಕೇಸಿನಿಂದ ತೆಗೆದು ಮಂಚದ ಮೇಲೆ ಬಿಚ್ಚಿದೆ. ಮಡಿಕೆ ಇದ್ದಲ್ಲೆಲ್ಲ ಸೀರೆ ಸೀಳಿತ್ತು. ಒಂದು ಮಡಿಕೆ ಬಿಡಿಸಿದರೆ ಒಂದು ಸೀಳು, ಇನ್ನೊಂದು ಬಿಡಿಸಿದರೆ ಇನ್ನೊಂದು. ನೂಲು ಹಿಟ್ಟಿನಂತೆ ಬೆರಳಿಗೆ ಹತ್ತುತ್ತಿತ್ತು. ಟ್ರಂಕಿನ ತಳದಲ್ಲಿ ಇಷ್ಟು ವರ್ಷ ಅದು ಒಂದೇ ಮಡಿಕೆಯಲ್ಲಿ ಇತ್ತು. ರೇಷ್ಮೆಯ ಸೀರೆಯನ್ನು ವರ್ಷಕ್ಕೆ ಎರಡು ಸಲವಾದರೂ ತೆಗೆದು ಗಾಳಿಗೆ ಹಾಕಬೇಕು, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಚಬೇಕು, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲಿಯೇ ಎಳೆ ಕಡಿಯುತ್ತದೆ ಎಂದು ಹೊಲಿಗೆ ಶಿಕ್ಷಕಿಯಾಗಿ ಎಷ್ಟು ಹುಡುಗಿಯರಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಟ್ರಂಕಿನಲ್ಲಿ ನಾನು ಅದನ್ನು ಮಾಡಲಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗಿ ಆ ಮನೆ ಬಿಟ್ಟು ನವನಗರಕ್ಕೆ ಬಂದಾಗ ಟ್ರಂಕು ಹೇಗೆ ಬಂತೋ ಹಾಗೆಯೇ ಇಟ್ಟುಬಿಟ್ಟೆ. ತೆರೆದರೆ ಅವಳ ವಾಸನೆ ಹೋಗಿಬಿಡುತ್ತದೆ ಎಂಬ ಭಯ ನನಗಿತ್ತು. ಮರುದಿನ ನಿನಗೆ ಬೇರೆ ಸೀರೆ ಉಡಿಸಿದೆ. ಆ ಹರಕನ್ನು ತೋರಿಸುವ ಧೈರ್ಯ ನನಗೆ ಬರಲಿಲ್ಲ, ಆಮೇಲೆ ಬುಟ್ಟಿ ಮಾಡಿದಾಗಲೂ "ಯಾವುದೋ ಹಳೆಯ ಸೀರೆ" ಎಂದೆ. ಕತ್ತರಿಸಿದ್ದಕ್ಕಿಂತ ನನಗೆ ಹೆಚ್ಚು ನೋಯುವುದು ಆ ಸುಳ್ಳು. ಅದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ.

ಇನ್ನು ಬುಟ್ಟಿಯೇ ಏಕೆ ಎಂದು ನೀನು ಕೇಳಬಹುದು. ಮಧ್ಯಾಹ್ನ ಮಗು ನಿನ್ನ ಮಗ್ಗುಲಲ್ಲಿ ಮಲಗಿದಾಗ ನಾನು ಆ ತಾಯಿಯ ಮನೆಗೆ ಹೋಗಿ ಕೂಡುತ್ತಿದ್ದುದು ನಿನಗೆ ಗೊತ್ತು. ಅವರಿಗೆ ಕನ್ನಡ ಬಾರದು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ; ಹೊಲಿಗೆಯ ಯಂತ್ರದ ಮುಂದೆ ನಮಗೆ ಭಾಷೆಯ ತೊಂದರೆ ಆಗಲಿಲ್ಲ. ಒಂದು ದಿನ ಅವರು ಬಟ್ಟೆ ಒಣಹಾಕುವ ಹತ್ತಿಯ ಹಗ್ಗದ ಸುರುಳಿಯನ್ನು ತೆಗೆದಿಟ್ಟರು. ನೂರು ಅಡಿಯ ಹಗ್ಗ, 5 ಮಿಲಿಮೀಟರ್ ದಪ್ಪ, ಹಾರ್ಡ್‌ವೇರ್ ಅಂಗಡಿಯದು. ನಿಮ್ಮ ಓಣಿಯಲ್ಲಿ ಯಾರೊಬ್ಬರೂ ಹೊರಗೆ ಬಟ್ಟೆ ಒಣಹಾಕಿದ್ದನ್ನು ನಾನು ನೋಡಿರಲಿಲ್ಲವಾದ್ದರಿಂದ ಇದೇಕೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು 2 ಸೆಂಟಿಮೀಟರ್ ಅಗಲದ ಬಟ್ಟೆಯ ಪಟ್ಟಿಯನ್ನು ಹಗ್ಗಕ್ಕೆ ಓರೆಯಾಗಿ, ಒಂದರಂಚು ಇನ್ನೊಂದರ ಮೇಲೆ ಬರುವಂತೆ ಸುತ್ತುತ್ತ ಹೋದರು. ಒಂದು ಗೇಣು ಸುತ್ತಿದ ಮೇಲೆ ತುದಿಯನ್ನು ಬಸವನಹುಳದ ಚಿಪ್ಪಿನಂತೆ ಸುರುಳಿ ಮಾಡಿ, ಅಂಕುಡೊಂಕು ಹೊಲಿಗೆ ಹಾಕಿದರು. ಸೂಜಿ ಒಮ್ಮೆ ಈ ಸುತ್ತನ್ನು, ಒಮ್ಮೆ ಆ ಸುತ್ತನ್ನು ಕಚ್ಚಿ ಎರಡನ್ನೂ ಒಂದಾಗಿಸುತ್ತಿತ್ತು.

ಅದನ್ನು ನೋಡುತ್ತ ನನಗೆ ನಿನ್ನ ಅಜ್ಜಿಯ ಸಿಂಬಿ ನೆನಪಾಯಿತು. ನಾನು ಏಳೆಂಟು ವರ್ಷದವಳಿದ್ದಾಗ ಅವಳು ಹೊಳೆಯಿಂದ ಎರಡು ಕೊಡ ನೀರನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಹೊರಡುವ ಮೊದಲು ಕಟ್ಟೆಯ ಮೇಲೆ ಕುಳಿತು, ಹಳೆಯ ಸೀರೆಯ ಉದ್ದನೆಯ ತುಂಡೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಹುರಿಮಾಡಿ, ಅದನ್ನು ಅಂಗೈ ಅಗಲದ ಬಳೆಯಾಗಿ ಸುತ್ತಿ, ಕೊನೆಯ ತುದಿಯನ್ನು ಒಳಗೆ ತುರುಕುತ್ತಿದ್ದಳು. ನನಗೂ ಒಂದು ಚಿಕ್ಕ ಸಿಂಬಿ ಮಾಡಿ, ಅದರ ಮೇಲೆ ತಂಬಿಗೆ ಇಟ್ಟು, ಅಲುಗದೆ ನಡೆ ಎನ್ನುತ್ತಿದ್ದಳು. ನಾನು ನಡೆಯುವಾಗ ಅವಳು ತನ್ನ ಎರಡು ಕೊಡ ಹೊತ್ತುಕೊಂಡೇ ಹಿಂದಿನಿಂದ ನನ್ನ ತಂಬಿಗೆಯನ್ನು ನೋಡುತ್ತಿದ್ದಳು. ಆ ಸಿಂಬಿಯ ಒದ್ದೆ ಅರಿವೆ ನನ್ನ ನೆತ್ತಿಯ ಮೇಲೆ ತಣ್ಣಗೆ ಕೂತದ್ದು ಇಂದಿಗೂ ನನಗೆ ತಿಳಿಯುತ್ತದೆ. ನಾನು ಇದನ್ನು ನಿನಗೆ ಎಷ್ಟೋ ಸಲ ಹೇಳಿರಬೇಕು, ಆದರೂ ಮತ್ತೆ ಹೇಳುತ್ತಿದ್ದೇನೆ, ಏಕೆಂದರೆ ಅವಳ ಕೈಯಲ್ಲಿ ಯಾವ ಸೀರೆಯೂ ಸೀರೆಯಾಗಿಯೇ ಮುಗಿಯುತ್ತಿರಲಿಲ್ಲ. ಉಟ್ಟು ಹಳತಾದದ್ದು ಕೌದಿಗೆ ಹೋಗುತ್ತಿತ್ತು, ಕೌದಿಗೆ ಮಿಕ್ಕಿದ್ದು ಸಿಂಬಿಗೆ, ಸಿಂಬಿ ಹರಿದ ಮೇಲೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಅರಿವೆಗೆ. ಪಕ್ಕದ ಮನೆಯ ಮೇಜಿನ ಮುಂದೆ ಕುಳಿತು, ಸೀಳಿದ ಸೀರೆಗೆ ಇದೇ ದಾರಿ, ಅವಳೂ ಹೀಗೆಯೇ ಮಾಡುತ್ತಿದ್ದಳು ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಅವಳು ಕೈ ಹಚ್ಚದ ಸೀರೆ ಅದೊಂದೇ. ಎಷ್ಟು ಬಡತನ ಬಂದರೂ ಅದನ್ನು ಹರಿಯಲಿಲ್ಲ. ಬಡತನದ ಒಂದು ವರ್ಷ, ಚಳಿಗಾಲದಲ್ಲಿ ನನ್ನ ತಂಗಿಗೆ ಹೊದಿಸಲು ಕೌದಿ ಸಾಲದೆ ಬಂದಾಗಲೂ ಅವಳು ತನ್ನ ಉಡುವ ಸೀರೆಯನ್ನೇ ಹರಿದಳು, ಟ್ರಂಕನ್ನು ತೆರೆಯಲಿಲ್ಲ. ಹೀಗಿರುವಾಗ ಅವಳೂ ಹೀಗೆಯೇ ಮಾಡುತ್ತಿದ್ದಳು ಎಂಬ ನನ್ನ ಮಾತು ನಿಲ್ಲುತ್ತದೆಯೇ ಎಂದು ನೀನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಾಲ್ಕು ಬುಟ್ಟಿಗೆ ಹಿಡಿದದ್ದು ಒಂದು ಮೀಟರ್‌ಗೂ ಕಡಿಮೆ ಬಟ್ಟೆ. ಮಡಿಕೆಗಳ ನಡುವೆ ಗಟ್ಟಿಯಿದ್ದ ಭಾಗವನ್ನು ಅಡ್ಡಕ್ಕೆ ಪಟ್ಟಿ ಮಾಡಿದೆ, ಅದಕ್ಕೇ ಪ್ರತಿ ಪಟ್ಟಿಯ ತುದಿಯಲ್ಲಿ ದಡಿ ಬಂದು ಬುಟ್ಟಿಯ ಮೈಮೇಲೆ ಅಲ್ಲಲ್ಲಿ ಕೆಂಪು ಮೂಡಿತು. ಗೋಡೆ ಏಳಿಸುವಾಗ ತಳವನ್ನು ಯಂತ್ರದ ಮೈಗೆ ಆನಿಸಿ ಓರೆಯಾಗಿ ಎತ್ತಿ ಹಿಡಿಯಬೇಕು. ಎಷ್ಟು ಎತ್ತುತ್ತೇವೆಯೋ ಗೋಡೆ ಅಷ್ಟು ನೆಟ್ಟಗೆ ಬರುತ್ತದೆ, ನಡುವೆ ಕೈ ಸಡಿಲಿಸಿದರೆ ಸೊಂಟ ಬಿದ್ದಂತೆ ಒಳಗೆ ಹೋಗುತ್ತದೆ. ನೀನು ರಜೆಯ ಕೊನೆಯ ವಾರದಲ್ಲಿ ಮಾಡಿದ ಬುಟ್ಟಿಗೆ ಆದದ್ದು ಅದೇ. ಆದರೂ ನೀನು ಬಿಚ್ಚಿ ಎಸೆಯದೆ ಮತ್ತೆ ಐದು ಸುತ್ತು ಹಿಂದಕ್ಕೆ ಹೋಗಿ ಹೊಲಿದೆಯಲ್ಲ, ಎದೆಗೆ ಮಗು ಕಟ್ಟಿಕೊಂಡು ಪೂರ್ತಿ ಮಾಡಿದೆಯಲ್ಲ, ಆಗ ನಾನು ಏನೂ ಹೇಳಲಿಲ್ಲ. ನಿನ್ನನ್ನು ನೋಡಿ ನನಗೆ ಬಹಳ ಹೆಮ್ಮೆಯಾಗಿತ್ತು. ಇನ್ನೊಂದು ಮಾಡುವುದಾದರೆ ದಪ್ಪ ಸೂಜಿ ಹಾಕು, 100 ನಂಬರಿನದು. ಸಣ್ಣ ಸೂಜಿ ಹಗ್ಗದಲ್ಲಿ ಬಾಗಿ ಮುರಿದು ಹಾರುತ್ತದೆ, ಮಗು ಹತ್ತಿರವಿದ್ದಾಗ ಯಂತ್ರ ತುಳಿಯಬೇಡ. ನೈಲಾನ್ ಹಗ್ಗ ತರಬೇಡ, ಪಟ್ಟಿ ಅದರ ಮೇಲೆ ಜಾರುತ್ತದೆ. ಕೊನೆಯಲ್ಲಿ ಹಗ್ಗವನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ ಸುತ್ತು, ಆಗ ತುದಿ ಕೆಳಗಿನ ಸುತ್ತಿನಲ್ಲಿ ಕರಗಿದಂತೆ ಕೂಡುತ್ತದೆ. ಮತ್ತೆ ಪಾಠ ಹೇಳಹತ್ತಿದೆ, ಕ್ಷಮಿಸು.

ಕೊಟ್ಟ ವಸ್ತುವಿನ ಬಗ್ಗೆ ಮಾತ್ರ ಇನ್ನೊಂದು ಮಾತು ಹೇಳಿಯೇ ತೀರಬೇಕು. ನಾವು ಉಡಿ ತುಂಬಿದ ಖಣವನ್ನು ಅವರು ಹೊಲಿಸಿಕೊಂಡರೋ, ಬೇರೊಬ್ಬರ ಉಡಿಗೆ ಹಾಕಿದರೋ ಎಂದು ನಾವು ಯಾವತ್ತೂ ವಿಚಾರಿಸಿಲ್ಲ. ಆ ಬುಟ್ಟಿಯನ್ನು ನಾನು ಅವರಿಗೆ ಕೊಡುವಾಗ ಯಾರ ಸೀರೆ ಎಂದು ಅವರಿಗೆ ಹೇಳಲೂ ಇಲ್ಲ, ಹೇಳುವಷ್ಟು ಭಾಷೆ ನನಗಿರಲಿಲ್ಲ. ಅವರು ಅದನ್ನು ಬಾಗಿಲ ಬಳಿ ಇಟ್ಟು ಅದರಲ್ಲಿ ಕೀಲಿಗಳನ್ನು ಹಾಕಿಡುತ್ತಿದ್ದರು. ಆ ಹಿಮದ ಬೆಳಗಿನ ಜಾವದಲ್ಲಿ ಕಾರು ತೆಗೆದು ನಿನ್ನನ್ನು ಆಸ್ಪತ್ರೆಗೆ ಮುಟ್ಟಿಸಿದವರು ಅವರು. ಒಂದು ಬುಟ್ಟಿಗಾಗಿ ಆ ಮನೆಯ ಜೊತೆ ಮಾತು ಬಿಡಬೇಡ. ನಿನ್ನ ಗಂಡ ಊರಲ್ಲಿಲ್ಲದ ದಿನ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವ ರಾತ್ರಿ, ನೀನು ಬಾಗಿಲು ತಟ್ಟಬಹುದಾದ ಮನೆ ಅದೊಂದೇ ಎಂಬುದು ಇಲ್ಲಿ ಕುಳಿತ ನನಗೆ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ.

ಸೀರೆಯ ಸೆರಗನ್ನು ನಾನು ಮುಟ್ಟಿಲ್ಲ. ಕೆಂಪಿನ ಮೇಲೆ ಬಿಳಿಯ ಟೋಪ ತೆನಿ ಚಿತ್ತಾರ ಹಾಗೆಯೇ ಇದೆ. ಒಡಲಿನ ಹಾಸನ್ನೂ, ಅಂದರೆ ಉದ್ದನೆಯ ಎಳೆಗಳನ್ನೂ, ಸೆರಗಿನ ಹಾಸನ್ನೂ ನೇಕಾರ ಕೊಂಡಿ ಹಾಕಿ ಕೂಡಿಸಿದ ಗೆರೆಯೂ ಗಟ್ಟಿಯಾಗಿದೆ, ಅದರ ಆಚೆಗೆ ಒಂದು ಗೇಣು ಹಸಿರನ್ನೂ ಬಿಟ್ಟಿದ್ದೇನೆ. ಅದು ನಿನ್ನ ಮನೆಯಲ್ಲಿಯೇ ಇದೆ, ಮಗುವಿನ ಕೌದಿಗಳಿರುವ ಕಪಾಟಿನ ಮೇಲಿನ ಅರೆಯಲ್ಲಿ. ಉಡುಗೊರೆಗೆ ಸುತ್ತುವ ಕಾಗದ ಮುಗಿದ ಮೇಲೆ ಉಳಿದ ರಟ್ಟಿನ ಕೊಳವೆಗೆ ಬಿಳಿಯ ಮಲ್ ಬಟ್ಟೆ ಹಚ್ಚಿ, ಅದರ ಮೇಲೆ ಸುತ್ತಿಟ್ಟಿದ್ದೇನೆ. ಮಡಿಚಿಲ್ಲ. ನೀನೂ ಮಡಿಚಬೇಡ.

ಈಗ ಎರಡು ದಿನದಿಂದ ನನ್ನನ್ನು ಕಾಡುತ್ತಿರುವುದನ್ನು ಕೇಳುತ್ತೇನೆ. ಮೇಜಿನ ಹಿಂದೆ ಕುಳಿತಿದ್ದವನು ಅವರ ಮಗ ಎಂದು ನೀನು ಹೇಳಿದೆ. ಅವನು ಬೇರೆ ಊರಿನಲ್ಲಿ ಇರುವವನು, ನಾನಿದ್ದ ಆರು ತಿಂಗಳಲ್ಲಿ ಒಂದೇ ಸಲ ಬಂದಿದ್ದ. ಮೇಜಿನ ಮೇಲೆ ಹೊಲಿಗೆಯ ಯಂತ್ರವೂ ಇತ್ತು ಎಂದೆ. ಆ ಯಂತ್ರವನ್ನು ಅವರು ಬೇರೆಯವರಿಗೆ ಮುಟ್ಟಲೂ ಕೊಡುತ್ತಿರಲಿಲ್ಲ, ನನಗೇ ಮೂರನೆಯ ವಾರಕ್ಕೆ ಕೊಟ್ಟರು. ನೀನು ಸಿಟ್ಟಿನಲ್ಲಿ ಬುಟ್ಟಿ ಎತ್ತಿಕೊಂಡು ಬಂದೆ, ಏನೂ ಕೇಳಲಿಲ್ಲ, ನಾನೂ ಸಿಟ್ಟಿನಲ್ಲಿ ನಿನ್ನನ್ನು ಕೇಳಲಿಲ್ಲ. ಇದನ್ನು ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ಆ ಮನೆಗೆ ಹೋಗು. ಆ ತಾಯಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಿಕೊಂಡು ಬಂದು ನನಗೆ ಫೋನ್ ಮಾಡು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ, ನಾನು ಎದ್ದಿರುತ್ತೇನೆ.

ನಿನ್ನ,
ಅವ್ವ