ಹಡಗಿನ ಮೇಲಿದ್ದ ಕೆಂಪು, ಹಸಿರು ಗುರುತು ತೆಗೆದಿದ್ದೇವೆ

ಪ್ರಿಯ ಗ್ರಾಹಕರೇ,

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ನಡೆಸುವ ನಮ್ಮ ಆಟಕ್ಕೆ ಈ ವಾರದ ಅಪ್‌ಡೇಟ್ ಹಾಕಿಕೊಂಡು ಪೆರಿಸ್ಕೋಪ್ ಎತ್ತಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಗುರಿ ಲಾಕ್ ಮಾಡಿದ ಕೂಡಲೇ ಹಡಗಿನ ಮೇಲೆ ಮೂಡುತ್ತಿದ್ದ ಕೆಂಪು (ಶತ್ರು) ಅಥವಾ ಹಸಿರು (ತಟಸ್ಥ) ತ್ರಿಕೋನ ಇನ್ನು ಬರುವುದಿಲ್ಲ. ಎದುರಿಗಿರುವುದು ಶತ್ರು ಹಡಗಾ, ತಟಸ್ಥ ಹಡಗಾ ಅಂತ ನೀವೇ ನೋಡಿ ತಿಳಿಯಬೇಕು. ಆ ಗುರುತಿಗೆ ಒಗ್ಗಿಕೊಂಡವರಿಗೆ ಮೊದಮೊದಲು ಕಷ್ಟ ಅನ್ನಿಸುತ್ತದೆ. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪು. 1940ರ ಮಾರ್ಚ್‌ನಲ್ಲಿ ನಡೆಯುವ ಮಿಷನ್‌ನಲ್ಲಿ ಕೆಂಪು ತ್ರಿಕೋನ ನಂಬಿ ನಾರ್ವೆಯ ಹಡಗು ಮುಳುಗಿಸಿದೆ, ಇದು ಸರಿನಾ ಅಂತ ಗ್ರಾಹಕರೊಬ್ಬರು ಕೇಳಿದ್ದರು. ಸರಿಯಲ್ಲ. ಜರ್ಮನಿ ನಾರ್ವೆ ಮೇಲೆ ದಾಳಿ ಮಾಡಿದ್ದು 1940ರ ಏಪ್ರಿಲ್ 9ಕ್ಕೆ. ಅಲ್ಲಿಯವರೆಗೆ ನಾರ್ವೆ ತಟಸ್ಥ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಇಡೀ ಯುದ್ಧಕ್ಕೂ ಒಂದೇ ಬಣ್ಣ ಹಚ್ಚಿಬಿಟ್ಟಿದ್ದೆವು. ದಯವಿಟ್ಟು ಕ್ಷಮಿಸಿ. ಈಗ ಪ್ರತಿ ಬಾವುಟಕ್ಕೂ ತಾರೀಖು ಸೇರಿಸಿದ್ದೇವೆ. ಹಾಲೆಂಡ್ 1940ರ ಮೇ ತಿಂಗಳಲ್ಲಿ, ಅಮೆರಿಕ 1941ರ ಡಿಸೆಂಬರ್‌ನಲ್ಲಿ, ಬ್ರೆಜಿಲ್ 1942ರ ಆಗಸ್ಟ್‌ನಲ್ಲಿ ತಟಸ್ಥದಿಂದ ಶತ್ರುವಾಗಿ ಬದಲಾಗುತ್ತವೆ. ಸ್ವೀಡನ್, ಸ್ಪೇನ್, ಪೋರ್ಚುಗಲ್, ಐರ್ಲೆಂಡ್ ಕೊನೆಯವರೆಗೂ ತಟಸ್ಥ.

ಪಟ್ಟಿ ಸರಿಮಾಡಿ ತ್ರಿಕೋನ ಹಾಗೇ ಉಳಿಸಬಹುದಿತ್ತು, ಅಲ್ವಾ? ಉಳಿಸಿಯೇ ಆಡಿ ನೋಡಿದೆವು. ಯಾರೂ ಹಡಗನ್ನು ನೋಡುತ್ತಲೇ ಇರಲಿಲ್ಲ, ಬಣ್ಣ ನೋಡಿ ಗುಂಡಿ ಒತ್ತುತ್ತಿದ್ದೆವು. ಆ ಕಾಲದ ತಟಸ್ಥ ಹಡಗುಗಳು ತಮ್ಮ ಗುರುತು ತಾವೇ ಹೇಳುತ್ತಿದ್ದವು. ಎರಡೂ ಬದಿಗೆ ದೊಡ್ಡ ಬಾವುಟ, ಪಕ್ಕದಲ್ಲಿ ದೇಶದ ಹೆಸರು, ರಾತ್ರಿ ಅದರ ಮೇಲೆ ದೀಪ. ಯುದ್ಧದಲ್ಲಿದ್ದ ದೇಶಗಳ ಹಡಗುಗಳು ದೀಪ ಆರಿಸಿ ಕತ್ತಲಲ್ಲಿ ಹೋಗುತ್ತಿದ್ದವು. ಹಾಗಾಗಿ ರಾತ್ರಿ ದೂರದಲ್ಲಿ ಬೆಳಕು ಕಂಡರೆ ಟಾರ್ಪಿಡೊ ಬಾಗಿಲು ತೆರೆಯಬೇಡಿ. ಪಕ್ಕಕ್ಕೆ ಬಂದು ನೋಡಿ.

ಆಗಲೂ ಮೋಸಹೋಗಬಹುದು. ಮೆಕ್ಸಿಕೊ ಬಾವುಟದಲ್ಲೂ ಇಟಲಿಯದರಲ್ಲೂ ಹಸಿರು, ಬಿಳಿ, ಕೆಂಪು ಇದೇ ಸಾಲಿನಲ್ಲಿವೆ. ಅಲೆ ಹೊಡೆದು ಪೆರಿಸ್ಕೋಪ್ ಗಾಜು ಒದ್ದೆಯಾಗಿದ್ದರೆ ಮೆಕ್ಸಿಕೊ ಬಾವುಟದ ನಡುವಿನ ಹದ್ದು ಕಾಣುವುದೇ ಇಲ್ಲ. 1942ರ ಮೇ 14ರಂದು ಫ್ಲಾರಿಡಾ ಹತ್ತಿರ ಜರ್ಮನಿಯ ಜಲಾಂತರ್ಗಾಮಿ ಯು-564 ಮುಳುಗಿಸಿದ 'ಪೊಟ್ರೆರೊ ದೆಲ್ ಯಾನೊ' ಮೆಕ್ಸಿಕೊದ ತೈಲ ಹಡಗು. ಬಾವುಟಕ್ಕೆ ದೀಪ ಹಾಕಿಕೊಂಡೇ ಹೊರಟಿತ್ತು. ಅದೇ ತಿಂಗಳು ಮೆಕ್ಸಿಕೊ ಯುದ್ಧಕ್ಕೆ ಇಳಿಯಿತು.

ಅನುಮಾನ ಇದ್ದರೆ ನೀರಿನ ಮೇಲೆ ಬಂದು, ಹಡಗಿನ ಮುಂದೆ ಡೆಕ್ ಗನ್‌ನಿಂದ ಒಂದು ಎಚ್ಚರಿಕೆಯ ಗುಂಡು ಹಾರಿಸಿ ನಿಲ್ಲಿಸಿ, ಕಾಗದಪತ್ರ ನೋಡಬಹುದು. 1936ರ ಲಂಡನ್ ಒಪ್ಪಂದದ ಪ್ರಕಾರ, ಸಿಬ್ಬಂದಿಯನ್ನು ಸುರಕ್ಷಿತ ಜಾಗಕ್ಕೆ ಸೇರಿಸದೆ ವ್ಯಾಪಾರಿ ಹಡಗು ಮುಳುಗಿಸುವ ಹಾಗಿರಲಿಲ್ಲ. ಜರ್ಮನಿಯೂ ಅದನ್ನು ಒಪ್ಪಿತ್ತು. ಆದರೆ ಶತ್ರು ಬೆಂಗಾವಲಿನ ಗುಂಪಿನಲ್ಲಿ ಹೋಗುವ ತಟಸ್ಥ ಹಡಗಿಗೆ ಈ ರಕ್ಷಣೆ ಸಿಗದು. ಆಟದಲ್ಲೂ ಹಾಗೇ ಇಟ್ಟಿದ್ದೇವೆ.

ನಮ್ಮೊಳಗೆ ಜಾಸ್ತಿ ಚರ್ಚೆ ಆದದ್ದು 1940ರ ಆಗಸ್ಟ್ 17ರ ಬಗ್ಗೆ. ಅವತ್ತು ಜರ್ಮನಿ ಬ್ರಿಟನ್ ಸುತ್ತ ಪೂರ್ತಿ ದಿಗ್ಬಂಧನ ಸಾರಿತು. ಆ ವಲಯದಲ್ಲಿ ತಟಸ್ಥ ಹಡಗಿಗೂ ಎಚ್ಚರಿಕೆ ಇಲ್ಲ. ಆ ದಿನದಿಂದ ಆಟದಲ್ಲೂ ರೇಡಿಯೊದಲ್ಲಿ ಅದೇ ಆದೇಶ ಬರುತ್ತದೆ, ವಲಯದೊಳಗೆ ಹೊಡೆದರೆ ಪಾಯಿಂಟ್ ಕಳೆಯುವುದಿಲ್ಲ. ಆದರೆ ಲಾಗ್‌ನಲ್ಲಿ ಮುಳುಗಿಸಿದ ಹಡಗಿನ ಟನ್ ಲೆಕ್ಕದ ಜೊತೆ ಅದರ ಸಿಬ್ಬಂದಿಯ ಸಂಖ್ಯೆಯನ್ನೂ ಬರೆಯುತ್ತೇವೆ. 1942ರ ನವೆಂಬರ್‌ನಲ್ಲಿ ಮುಳುಗಿದ ಐರ್ಲೆಂಡಿನ 'ಐರಿಷ್ ಪೈನ್'ನಲ್ಲಿ 33 ಜನ ಇದ್ದರು. ಒಬ್ಬರೂ ಉಳಿಯಲಿಲ್ಲ. ಅದನ್ನು ಸುಮ್ನೆ ಟನ್ ಲೆಕ್ಕದಲ್ಲಿ ತೋರಿಸಲು ನಮಗೆ ಮನಸ್ಸು ಬರಲಿಲ್ಲ.

ನಿಮ್ಮ ಹಳೆಯ ಸೇವ್‌ಗಳು ತೆರೆಯುತ್ತವೆ. ಅರ್ಧಕ್ಕೆ ನಿಲ್ಲಿಸಿದ ಮಿಷನ್ ಹಳೆಯ ನಿಯಮದಲ್ಲೇ ಮುಗಿಯುತ್ತದೆ. ತ್ರಿಕೋನ ಬೇಕೇ ಬೇಕು ಅನ್ನುವವರಿಗೆ ಸುಲಭ ಹಂತದಲ್ಲಿ ಅದು ಇದೆ, ತಾರೀಖು ಸರಿಯಾಗಿರುತ್ತದೆ. ಅಪ್‌ಡೇಟ್‌ಗೆ ದುಡ್ಡಿಲ್ಲ. ಇನ್ನೂ ಯಾವುದಾದರೂ ಬಾವುಟ ತಪ್ಪಾಗಿ ಕಂಡರೆ ಮಿಷನ್‌ನ ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ.

ಇಂತಿ,
ಆಟ ತಯಾರಿಸಿದ ತಂಡ